ಕನೆಕ್ಷನ್ ಕೊಡುವ ಹೊತ್ತು

ನಮ್ಮ ಗುರುಶಾಂತಪ್ಪನವರಿಗೆ ಚಹಾದ ಹುಚ್ಚೇನೂ ಇರಲಿಲ್ಲ. ಆದರೂ ದಿನಕ್ಕೆ ಮೂರೋ ನಾಲ್ಕೋ ಸಲ ನನ್ನನ್ನು ಚಹಾ ತರಲು ಅಟ್ಟುತ್ತಿದ್ದರು. ತಂದ ಚಹಾ ಎಷ್ಟೋ ಸಲ ಬೆಂಚಿನ ಮೇಲೆಯೇ ಕೆನೆಗಟ್ಟಿ ತಣ್ಣಗಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಚಹಾ ಅಲ್ಲ, ನಾನು ಹತ್ತು ನಿಮಿಷ ಅಂಗಡಿಯಲ್ಲಿ ಇಲ್ಲದಿರುವುದು.

ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಊರುಗಳಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಮೇಲೆತ್ತಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅಲ್ಲಿಗೇ ತರುತ್ತಾರೆ. ಒಳಗಿನ ಸುಟ್ಟ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಮೋಟಾರಿನ ಸೀಳುಗಳಲ್ಲಿ ಕೂರಿಸುವ ತನಕ ಕೆಲಸ ನನ್ನದು. ಕೊನೆಗೆ ಯಾವ ಸುರುಳಿಯ ತುದಿಯನ್ನು ಯಾವುದರ ತುದಿಗೆ ಸೇರಿಸಬೇಕು ಎನ್ನುವುದು ಉಳಿಯುತ್ತದಲ್ಲ, ಅದಕ್ಕೆ ನಾವು ಕನೆಕ್ಷನ್ ಅನ್ನುತ್ತೇವೆ. ಅದು ಮಾತ್ರ ಅವರದು. ಸುತ್ತುವುದು ಯಾರಿಗಾದರೂ ನಾಲ್ಕು ತಿಂಗಳಲ್ಲಿ ಬರುತ್ತದೆ. ಕನೆಕ್ಷನ್ ಬಂದವನು ಮಾಲೀಕ, ಬಾರದವನು ಆಳು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಗುಟ್ಟಿಲ್ಲ.

ಹಾಗಾಗಿ ಸುರುಳಿಗಳೆಲ್ಲ ಕೂತ ಕೂಡಲೇ ಗುರುಶಾಂತಪ್ಪನವರು ಕನ್ನಡಕ ಒರೆಸಿಕೊಳ್ಳುತ್ತ, "ಗಾಳೆಮ್ಮ, ಒಂದೀಟು ಚಾ ತಗೊಂಬಾರವ್ವ" ಅನ್ನುತ್ತಿದ್ದರು. ನಾನು ಫ್ಲಾಸ್ಕ್ ಹಿಡಿದು ಏಳುತ್ತಿದ್ದೆ. ತಿರುಗಿ ಬರುವುದರೊಳಗೆ ಗಂಟು ಹಾಕಿ, ಟೇಪು ಸುತ್ತಿ, ಏನೂ ಕಾಣದಂತೆ ಕಟ್ಟಿ ಆಗಿರುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ನಾನೇನು ಅವರ ಮನೆಯ ಒಡವೆ ಪೆಟ್ಟಿಗೆಗೆ ಕೈ ಹಾಕುತ್ತಿದ್ದೆನೇ? ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹೌದು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಯೂ ಜೋರು. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುವುದು ಒಳ್ಳೆಯದು. ನನ್ನ ತವರು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ, ಮದುವೆಯಾಗಿ ಬಂದದ್ದು ಕೊಟ್ಟೂರಿಗೆ. ಈ ಅಂಗಡಿಗೆ ಸೇರುವ ಮೊದಲು ಮೂರು ಕಡೆ ದುಡಿದಿದ್ದೆ. ಒಂದು ಹಾಸ್ಟೆಲ್ಲಿನ ಅಡುಗೆಮನೆ. ಗುತ್ತಿಗೆದಾರ ಬದಲಾದ, ಹೊಸಬನ ಕಡೆಯವರು ಒಳಗೆ ಬಂದರು, ನಾನು ಹೊರಗೆ ಬಂದೆ. ಒಂದು ಬಟ್ಟೆ ಹೊಲಿಯುವ ಕಾರ್ಖಾನೆ. ಒಂದು ಸೋಮವಾರ ಹೋಗಿ ನೋಡಿದರೆ ಗೇಟಿಗೆ ಬೀಗ. ಒಂದು ಖಾನಾವಳಿ, ಮಾಲೀಕನ ಮಗನಿಗೆ ಮದುವೆಯಾಯಿತು, ರೊಟ್ಟಿ ಬಡಿಯಲು ಸೊಸೆ ಬಂದಳು. ಮೂರು ಸಲವೂ ನಾನು ಕೆಲಸ ಕೆಡಿಸಿ ಹೋದವಳಲ್ಲ. ಚೆನ್ನಾಗಿ ಮಾಡಿದರೂ ನಿಲ್ಲದ ಕೆಲಸವೆಂದರೆ ನನಗೆ ಹೆದರಿಕೆ. ಗಂಡ ಹುಲುಗಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಾನೆ. ಮದುವೆಯ ತಿಂಗಳುಗಳಲ್ಲಿ ಅವನನ್ನು ಹಿಡಿಯುವವರಿಲ್ಲ, ಆಷಾಢದಲ್ಲಿ ಕಟ್ಟೆಯ ಮೇಲೆ ಕೂತು ನನ್ನ ದಾರಿ ಕಾಯುತ್ತಾನೆ. ಮಗಳು ರೋಜಾ ಹರಪನಹಳ್ಳಿಯಲ್ಲಿ ಪಿಯುಸಿ ಓದುತ್ತಾಳೆ. ಮನೆ ನಿಂತಿದ್ದು ನನ್ನ ವಾರದ ಕೂಲಿಯ ಮೇಲೆ.

ಇಷ್ಟು ಜಾಣರಾದ ಗುರುಶಾಂತಪ್ಪನವರು ಒಂದು ಕಡೆ ಎಡವಿದ್ದರು. ಹೊಸ ಕನೆಕ್ಷನ್ನನ್ನು ನನ್ನಿಂದ ಮುಚ್ಚಿಟ್ಟರು, ಹಳೆಯದನ್ನು ಬಿಚ್ಚಲು ನನ್ನ ಕೈಗೇ ಕೊಟ್ಟರು. ಸುಟ್ಟ ಮೋಟಾರ್ ಬಿಚ್ಚುವುದು ಹೊಲಸು ಕೆಲಸ. ಮಸಿ, ನಾತ, ಎಷ್ಟು ತಿಕ್ಕಿದರೂ ಹೋಗದ ಉಗುರಿನ ಕಪ್ಪು. ಯಾರಿಗೂ ಬೇಡವಾದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಮೊದಮೊದಲು ನಾನೂ ಬೈದುಕೊಳ್ಳುತ್ತಲೇ ಉಳಿ ಹಿಡಿದು ಕಿತ್ತು ಎಸೆಯುತ್ತಿದ್ದೆ. ಮೂರನೆಯ ವರ್ಷವಿರಬೇಕು, ಒಂದು ಮಧ್ಯಾಹ್ನ ಟೇಪು ಸುಲಿಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಅಲ್ಲ, ಇದು ಅವರೇ ಹಾಕಿದ ಗಂಟಲ್ಲವೇ? ಬಿಚ್ಚುವಾಗ ನೋಡಿಕೊಂಡರೆ ಕಟ್ಟುವುದು ತಾನಾಗಿಯೇ ಗೊತ್ತಾಗುತ್ತದಲ್ಲ!

ಅವತ್ತಿನಿಂದ ಬಿಚ್ಚುವಾಗ ಅವಸರ ಮಾಡಲಿಲ್ಲ. ಗುಜರಿಗೆ ಹಾಕಿದ್ದ ಒಂದು ಖಾಲಿ ಮೋಟಾರಿನ ಗೂಡನ್ನು ಕೇಳಿ ಮನೆಗೆ ಹೊತ್ತುಕೊಂಡು ಹೋದೆ. ಸಂತೆಯಿಂದ ಕೆಂಪು, ಹಳದಿ, ನೀಲಿ ಉಲ್ಲನ್ ದಾರ ತಂದೆ. ಅಂಗಡಿಯಲ್ಲಿ ಬಿಚ್ಚಿದ್ದನ್ನು ನೆನಪಿಟ್ಟುಕೊಂಡು ಬಂದು ಮನೆಯಲ್ಲಿ ಆ ಇಪ್ಪತ್ತನಾಲ್ಕು ಸೀಳುಗಳಲ್ಲಿ ದಾರ ಪೋಣಿಸುತ್ತಿದ್ದೆ.

"ಲೇ ಗಾಳಿ, ಮೋಟಾರ್‌ಗೆ ಸ್ವೆಟರ್ ಹಾಕಾಕ್ಹತ್ತಿಯೇನ? ಕೊಟ್ಟೂರಾಗ ಅಷ್ಟ್ ಚಳಿ ಎಲ್ಲೈತಿ?" ಎಂದು ಹುಲುಗಪ್ಪ ರೇಗಿಸುತ್ತಿದ್ದ.

"ನಿನ್ನ ಡ್ರಮ್ಮಿಗೂ ಒಂದು ಹಾಕ್ತೀನಿ ಸುಮ್ನಿರು, ಊರಿಗೆ ಸ್ವಲ್ಪ ನಿದ್ದಿ ಬರ್ಲಿ" ಅನ್ನುತ್ತಿದ್ದೆ.

ಹೀಗೆ ಒಂದೊಂದೇ ಮೋಟಾರ್ ಬಿಚ್ಚಿ, ತಪ್ಪು ಪೋಣಿಸಿ, ಕಿತ್ತು, ಮತ್ತೆ ಪೋಣಿಸಿ, ನಾಲ್ಕೈದು ವರ್ಷದಲ್ಲಿ ಕನೆಕ್ಷನ್ ನನಗೆ ಬಂತು. ಬಂದದ್ದು ನನಗೆ ಗೊತ್ತಿತ್ತು, ದಾರಕ್ಕೆ ಗೊತ್ತಿತ್ತು. ಮೂರನೆಯವರಿಗೆ ಹೇಳಲಿಲ್ಲ.

ಬಿಚ್ಚಿ ಬಿಚ್ಚಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ನಮ್ಮಲ್ಲಿಂದಲೇ ರಿಪೇರಿಯಾಗಿ ಹೋಗಿ ಮೂರೇ ತಿಂಗಳಿಗೆ ತಿರುಗಿ ಬರುವ ಮೋಟಾರುಗಳು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಸುಟ್ಟಿರುತ್ತಿದ್ದವು. ಹೊರಗಿನಿಂದ ಬರುವ ಮೂರು ವೈರುಗಳನ್ನು ಒಳಗಿನ ತಂತಿಗೆ ಸೇರಿಸುವ ಮೂರು ಗಂಟುಗಳಿರುತ್ತವೆ. ಗುರುಶಾಂತಪ್ಪನವರು ಅವುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕೂರಿಸಿ, ಒಟ್ಟಿಗೆ ಬಿಗಿದು ಕಟ್ಟುತ್ತಿದ್ದರು. ನೋಡಲು ಬಹಳ ಚೆಂದ. ಆದರೆ ಕಾವಿಗೆ ಟೇಪು ಸಡಿಲಾದರೆ ಗಂಟಿಗೆ ಗಂಟು ತಾಗಿ ಭಡ್ ಅನ್ನುತ್ತಿತ್ತು. ಒಂದನ್ನು ಮೇಲೆ, ಒಂದನ್ನು ನಡುವೆ, ಒಂದನ್ನು ಕೆಳಗೆ ಹಾಕಿದ್ದರೆ ತಾಗುವ ಮಾತೇ ಇರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಅಣ್ಣಾರ, ಈ ಗಂಟು..." ಎಂದು ಬಾಯಿ ತೆರೆದೆ. "ಗಂಟು ನಿನಗ್ಯಾಕವ್ವ? ನೀ ಕಾಯಿಲ್ ನೋಡು" ಅಂದರು. ನೋಡಿದೆ. ಇನ್ನೇನು ಮಾಡಲಿ, ನನಗೆ ಕೆಲಸ ಬೇಕಿತ್ತು.

ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ ಅವರ ಮಗ ಗವಿಸಿದ್ದೇಶ್ ಡಿಪ್ಲೊಮಾ ಮುಗಿಸಿ ಅಂಗಡಿಗೆ ಬಂದು ಕೂತ. ಒಳ್ಳೆಯ ಹುಡುಗ, ನಯವಾದ ಮಾತು. ಬಂದವನು ಮೊದಲು ಮಾಡಿದ ಕೆಲಸವೆಂದರೆ ಸುರುಳಿ ಸುತ್ತುವ ಮಷಿನ್ ತರಿಸಿದ್ದು. ಗುಂಡಿ ಒತ್ತಿದರೆ ಅದೇ ಎಣಿಸಿ, ಅದೇ ಸುತ್ತಿ, ಅದೇ ನಿಲ್ಲುತ್ತದೆ. ನಾನು ಅರ್ಧ ದಿನ ಸುತ್ತುವುದನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸಿ ತಣ್ಣಗೆ ಕೂತಿತು. ಅದಕ್ಕೆ ಊಟ ಬೇಡ, ಹಬ್ಬಕ್ಕೆ ರಜೆ ಬೇಡ, ಜೋರು ಬಾಯಿಯಂತೂ ಇಲ್ಲವೇ ಇಲ್ಲ.

ಒಂದು ವಾರದಲ್ಲಿ ಹುಡುಗ ಹತ್ತಿರ ಬಂದು ಕೂತ. "ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಯುಗಾದಿ ತನಕ ಬರ್ರಿ. ಆಮ್ಯಾಲ ಬ್ಯಾರೆ ಎಲ್ಲಾರ ನೋಡ್ಕೊಂಡ್ರ ಚಲೋ. ನಾನೂ ನಾಕು ಮಂದಿಗೆ ಹೇಳಿಡ್ತೀನಿ" ಅಂದ.

ಬೈದು ಕಳಿಸಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಮರ್ಯಾದೆಯಿಂದ ಹೊರಗೆ ಹಾಕಿದರೆ ಏನು ಮಾಡುವುದು? ಗುರುಶಾಂತಪ್ಪನವರ ಮುಖ ನೋಡಿದೆ. ಅವರು ಟೆಸ್ಟಿಂಗ್ ಬಲ್ಬಿನ ವೈರನ್ನು ಸರಿಮಾಡುತ್ತ ಕೂತಿದ್ದರು. ಆ ವೈರು ಸರಿಯಾಗಿಯೇ ಇತ್ತು.

ಮನೆಗೆ ಬಂದು ಹೇಳಿದರೆ ಹುಲುಗಪ್ಪ, "ಬಿಡಲೇ, ನಮ್ಮ ಸೆಟ್ಟಿಗೆ ಬಂದುಬಿಡು. ನಿನ್ನ ಬಾಯಿ ಇದ್ರ ಮೈಕ್ ಖರ್ಚು ಉಳಿತತಿ" ಅಂದ. ನಕ್ಕೆ. ನಕ್ಕ ಮೇಲೆ ಅಳು ಬಂತು. ಮೂವತ್ತೇಳು ವರ್ಷದ ಹೆಂಗಸಿಗೆ ನಾಲ್ಕನೆಯ ಸಲ ಬೇರೆ ಎಲ್ಲಾದರೂ ನೋಡಿಕೋ ಅಂದರೆ ಎಲ್ಲಿ ನೋಡಿಕೊಳ್ಳುವುದು? ಮತ್ತೆ ಯಾರದೋ ಅಡುಗೆಮನೆ, ಮತ್ತೆ ಯಾರದೋ ಕಸಬರಿಗೆ. ಕನೆಕ್ಷನ್ ಬರುತ್ತದೆ ಎಂದು ಹೇಳಿಬಿಡಲೇ ಎಂದು ಹತ್ತು ಸಲ ಅನ್ನಿಸಿತು. ಹೇಳಿದರೆ ಕದ್ದು ಕಲಿತೆ ಎಂದು ಅವತ್ತೇ ಓಡಿಸುತ್ತಾರೆ, ಹೇಳದಿದ್ದರೆ ಯುಗಾದಿಗೆ ಓಡಿಸುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?

ಯುಗಾದಿಗೆ ಹದಿನೈದು ದಿನ ಇರುವಾಗ ಗುರುಶಾಂತಪ್ಪನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಾವಣಗೆರೆಗೆ ಹೊರಟರು. ಅಲ್ಲಿ ಮಗಳು ಅಮೃತಾಳ ಮನೆಯಲ್ಲಿ ಒಂದು ವಾರ ಇದ್ದು ಬರುವುದೆಂದಾಯಿತು. ಹೋಗುವಾಗ ಕನೆಕ್ಷನ್ ಬರೆದಿಟ್ಟ ನೋಟ್‌ಬುಕ್ಕನ್ನು ಮಗನ ಕೈಗೆ ಕೊಟ್ಟರು. ಹನ್ನೊಂದು ವರ್ಷದಲ್ಲಿ ನಾನು ಅದರ ರಟ್ಟನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಅವರು ಹೋದ ಮೂರನೆಯ ದಿನ ಕೋಗಳಿಯ ವಾಟರ್‌ಮ್ಯಾನ್ ಬೊಮ್ಮಪ್ಪ ಊರಿಗೆ ನೀರು ಬಿಡುವ ಮೋಟಾರನ್ನೇ ಹೊತ್ತು ತಂದ. ಮೂರು ತಿಂಗಳಿಗೊಮ್ಮೆ ಸುಟ್ಟು ನಮ್ಮಲ್ಲಿಗೆ ಬರುವ ಖಾಯಂ ಗಿರಾಕಿ ಅದು. "ನಾಳಿ ಸಂಜಿ ನಾಕಕ್ಕ ಬರ್ತೀನ್ರಪ್ಪ. ರೆಡಿ ಇಲ್ಲ ಅಂದ್ರ ನಮ್ಮೂರ ಹೆಣ್ಮಕ್ಕಳು ಖಾಲಿ ಕೊಡ ತಗೊಂಡು ನನ್ನ ತೆಲಿಗೆ ಬಡಿತಾರ" ಎಂದು ಹೇಳಿ ಹೋದ.

ಮಷಿನ್ ಸುರುಳಿ ಸುತ್ತಿಕೊಟ್ಟಿತು, ನಾನು ಕೂರಿಸಿದೆ. ಗವಿಸಿದ್ದೇಶ್ ನೋಟ್‌ಬುಕ್ ತೆರೆದಿಟ್ಟುಕೊಂಡು ಕನೆಕ್ಷನ್ ಕೊಟ್ಟ. ನನ್ನನ್ನು ಚಹಾಕ್ಕೇನೂ ಕಳಿಸಲಿಲ್ಲ ಅನ್ನಿ, ಆ ರೂಢಿ ಅವನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಮೋಟಾರನ್ನು ನೀರಿನ ಡ್ರಮ್ಮಿಗೆ ಇಳಿಸಿ ಸ್ವಿಚ್ ಹಾಕಿದ. ಗುಂಯ್ ಅಂತ ಗೊರಗುಟ್ಟಿತೇ ಹೊರತು ತಿರುಗಲಿಲ್ಲ. ಫ್ಯೂಸ್ ಹೋಯಿತು. ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಗುಂಯ್. ಮಧ್ಯಾಹ್ನ ಎರಡಾಗುವಷ್ಟರಲ್ಲಿ ಮೂರು ಫ್ಯೂಸ್ ಹೋಗಿ, ಹುಡುಗನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ದಾವಣಗೆರೆಗೆ ಫೋನ್ ಹಚ್ಚಿದ.

"ಅಪ್ಪಾ, ನೀಲಿ ತುದಿ ಎಲ್ಲಿಗೆ ಹೋಗ್ತತಿ?"

ಆ ಕಡೆಯಿಂದ ಅಂಗಡಿಗೆಲ್ಲ ಕೇಳುವಂತೆ ಉತ್ತರ ಬಂತು. "ನೀಲಿ ಯಾವ್ದು, ಕೆಂಪು ಯಾವ್ದು ಅಂತ ನಾ ಇಲ್ಲಿಂದ ಹೆಂಗ ನೋಡ್ಲೋ? ನನ್ನ ಕಣ್ಣಿಗೆ ಪಟ್ಟಿ ಕಟ್ಯಾರ!"

ನಾನು ಬೆಳಗ್ಗೆಯಿಂದ ಬಾಯಿ ಬಿಗಿಹಿಡಿದು ಕೂತಿದ್ದೆ. ಕೆಂಪು, ಹಳದಿ, ನೀಲಿ ಎಂಬ ಸುರುಳಿಗಳ ಮೂರು ಗುಂಪಿನಲ್ಲಿ ಒಂದರ ತಲೆ ಬಾಲ ಅದಲುಬದಲಾದರೆ ಮೋಟಾರ್ ಹೀಗೇ ಗೊರಗುಟ್ಟುತ್ತ ನಿಲ್ಲುತ್ತದೆ. ಅದು ನನ್ನ ಉಲ್ಲನ್ ದಾರಕ್ಕೂ ಗೊತ್ತು. ಕೋಗಳಿಯ ಹೆಂಗಸರು ಕೊಡ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು. ಹುಡುಗನ ಮುಖ ನೋಡಿದರೆ ಅಯ್ಯೋ ಪಾಪ ಅನ್ನಿಸಿತು. ಯುಗಾದಿಗೆ ಹೇಗೂ ಹೋಗುವವಳು, ಇವತ್ತೇ ಹೋದರೆ ಹೋದೆ ಅಂದುಕೊಂಡೆ.

"ತಮ್ಮಾ, ನೀಲಿ ಉಲ್ಟಾ ಆಗೈತಿ. ಸರಿ ಈಕಡಿ."

"ನಿಮಗ ಕನೆಕ್ಷನ್ ಬರ್ತತೇನಕ್ಕಾ?" ಹುಡುಗ ಕಣ್ಣು ಬಾಯಿ ಬಿಟ್ಟ.

"ಬರ್ತತಿ" ಅಂದೆ. ಆಮೇಲೆ ಏನು ಕೊಬ್ಬು ಬಂತೋ ನನಗೆ, "ನೀ ಒಂದೀಟು ಚಾ ತಗೊಂಬಾ ಹೋಗು" ಅಂದುಬಿಟ್ಟೆ. ಪಾಪ, ಹುಡುಗ ಫ್ಲಾಸ್ಕ್ ತೆಗೆದುಕೊಂಡು ಹೋಗಿಯೇಬಿಟ್ಟ.

ನೀಲಿಯನ್ನು ಸರಿಮಾಡಿದೆ. ಕೊನೆಯ ಮೂರು ಗಂಟುಗಳನ್ನು ನನ್ನ ಲೆಕ್ಕದಂತೆ ಒಂದು ಮೇಲೆ, ಒಂದು ನಡುವೆ, ಒಂದು ಕೆಳಗೆ ಹಾಕಿ ಬಿಗಿದೆ. ದಾರದಲ್ಲಿ ನೂರು ಸಲ ಮಾಡಿದ್ದರೂ ತಾಮ್ರದಲ್ಲಿ ಮಾಡಿದ್ದು ಅದೇ ಮೊದಲು. ಗವಿಸಿದ್ದೇಶ್ ಚಹಾ ತರುವ ಹೊತ್ತಿಗೆ ಮೋಟಾರ್ ಡ್ರಮ್ಮಿನಲ್ಲಿ ಸದ್ದಿಲ್ಲದೆ ತಿರುಗುತ್ತಿತ್ತು. ಕರೆಂಟ್ ನೋಡುವ ಮೂರೂ ಮೀಟರಿನ ಮುಳ್ಳುಗಳು ಒಂದೇ ಕಡೆ ನಿಂತಿದ್ದವು. ನಾನು ಗೋಡೆಗೆ ಒರಗಿ ಕೂತು ಜೀವಮಾನದಲ್ಲೇ ರುಚಿಯಾದ ಚಹಾ ಕುಡಿದೆ. ನಾಲ್ಕಕ್ಕೆ ಬೊಮ್ಮಪ್ಪ ಬಂದ, ಮೋಟಾರ್ ಹೊತ್ತುಕೊಂಡು ಹೋದ. ಹುಡುಗ ಅವನಿಗೆ "ರೆಡಿ ಐತ್ರಿ" ಅಂದನೇ ಹೊರತು ಬೇರೇನೂ ಹೇಳಲಿಲ್ಲ.

ವಾರ ಕಳೆದು ಗುರುಶಾಂತಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮಗ ಎಲ್ಲವನ್ನೂ ಹೇಳಿದ್ದ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದ ನಾನೇ ಪೆದ್ದಿ.

"ಯಾರ್ ಹೇಳಿಕೊಟ್ರು ನಿನಗ?"

"ನೀವಾ ಹೇಳಿಕೊಟ್ಟಿದ್ರಿ, ಅಣ್ಣಾರ."

"ನಾನಾ? ಯಾವಾಗ?"

"ನೀವು ಮಾಡಿದ ಮೋಟಾರ್ ಸುಟ್ಟು ಬಂದಾಗೆಲ್ಲ."

ಮುಖ ಕೆಂಪಾಯಿತು. "ಹಂಗಾರ ಕದ್ದು ಕಲ್ತಂಗ ಆತು" ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಕದಿಯಾಕ ಅದೇನು ನಿಮ್ಮ ಕಪಾಟಿನಾಗ ಇತ್ತೇನ್ರಿ? ಗುಜರಿಗೆ ಎಸಿಯೋದನ್ನ ನೋಡಿ ಕಲ್ತೀನಿ. ನಿಮಗ ಬ್ಯಾಡಾದ ಚಾ ಹನ್ನೊಂದು ವರ್ಷ ತಂದೀನಿ. ನಾ ಇದ್ದಿದ್ದಕ್ಕ ನಿಮ್ಮ ಹೆಸರು ಉಳಿತು ಕೋಗಳ್ಯಾಗ. ಕಳ್ಳಿ ಅಂತೀರಿ!" ಇನ್ನೂ ಏನೇನೋ ಅಂದೆ. ಬೆಂಚಿನ ಮೇಲೆ ಕನೆಕ್ಷನ್‌ಗೆ ಕಾದಿದ್ದ ಒಂದು ಮೋಟಾರನ್ನು ಎಳೆದುಕೊಂಡು ಅವರ ಎದುರಿಗೇ ಕಟ್ಟತೊಡಗಿದೆ. ಸಿಟ್ಟಿನಲ್ಲಿ ಕೈ ಬಹಳ ಚುರುಕಾಗಿ ಓಡುತ್ತದೆ.

ಅವರು ಕನ್ನಡಕ ತೆಗೆದು ಬಗ್ಗಿದರು. ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲವೇನೋ, ಬೆರಳಿನಿಂದ ಗಂಟುಗಳನ್ನು ಮುಟ್ಟಿ ನೋಡಿದರು. ಮೇಲಿನದು, ನಡುವಿನದು, ಕೆಳಗಿನದು.

"ಇವನ್ನ ಯಾಕ ಹಿಂಗ ಹಾಕಿದಿ?"

ಹೇಳಿದೆ. ತಿರುಗಿ ಬಂದ ಮೋಟಾರುಗಳೆಲ್ಲ ಎಲ್ಲಿ ಸುಟ್ಟಿದ್ದವೆಂದು ಒಂದೊಂದಾಗಿ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು, "ಬಳ್ಳಾರ್ಯಾಗ ನನ್ನ ಉಸ್ತಾದನೂ ನನಗ ತೋರಿಸ್ಲಿಲ್ಲವ್ವ. ಕನೆಕ್ಷನ್ ಹೊತ್ತಿಗೆ ಬೀಡಿ ತರಾಕ ಕಳಸ್ತಿದ್ದ. ನಾ ಬಾಗಲ ಸಂದಿಲಿಂದ ನೋಡಿ ಕಲ್ತೆ. ಸಂದ್ಯಾಗ ಎಷ್ಟ್ ಕಾಣ್ತತಿ ಅಷ್ಟ ಕಲ್ತೆ" ಅಂದರು. ಆ ಉಸ್ತಾದ ಗಂಟುಗಳನ್ನು ಹೇಗೆ ಹಾಕುತ್ತಿದ್ದನೋ ದೇವರೇ ಬಲ್ಲ. ಸಂದಿಯಿಂದ ಇಣುಕಿದ ಹುಡುಗನಿಗೆ ಮೂರೂ ಒಂದೇ ಸಾಲಿನಲ್ಲಿ ಕಂಡಿದ್ದವು, ಮೂವತ್ತು ವರ್ಷ ಹಾಗೇ ಹಾಕುತ್ತ ಬಂದಿದ್ದರು. ನನ್ನ ಸಿಟ್ಟು ಇಳಿದೇ ಹೋಯಿತು.

ಮರುದಿನ ಅವರೇ ಕರೆದು ಕೂರಿಸಿದರು. "ನಿನ್ನ ತಗಿಯಂಗಿಲ್ಲ ಗಾಳೆಮ್ಮ. ನಾ ಇರೋ ತನಕ ನಿನ್ನ ಕೆಲಸಕ್ಕ ಏನೂ ಆಗಂಗಿಲ್ಲ, ನಾ ಹೋದ ಮ್ಯಾಲೂ ಗವಿ ಇಟ್ಕೋತಾನ. ಗಂಟು ನೀ ಹೇಳಿದಂಗ ಹಾಕು. ಆದ್ರ ಒಂದು ಮಾತು. ಕನೆಕ್ಷನ್ ನೀ ಮಾಡ್ತಿ ಅಂತ ಹೊರಗ ಗೊತ್ತಾಗಬಾರದು. ಯಾರ್ ಕೇಳಿದ್ರೂ ಗುರುಶಾಂತಪ್ಪನ ಕೈ ಅನ್ನಬೇಕು. ಮೂವತ್ತು ವರ್ಷದ ಹೆಸರೈತವ್ವ ನಂದು."

ಆಗಲಿ ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಸಾಯುವ ತನಕ ಕೆಲಸ ಅಂದರೆ ಯಾರು ಬಿಡುತ್ತಾರೆ? ಅವತ್ತು ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕುಣಿಯುತ್ತ ಮನೆಗೆ ಹೋದೆ.

ಹುಲುಗಪ್ಪ ಮಿರ್ಚಿಯನ್ನೇನೋ ತಿಂದ. ತಿಂದು ಬಾಯಿ ಒರೆಸಿಕೊಂಡು ಒಂದು ಮಾತು ಕೇಳಿದ. "ನಾ ಡ್ರಮ್ ಬಾರಿಸ್ತೀನಿ ಅಂತ ಹಡಗಲಿ ತನಕ ಗೊತ್ತೈತಿ. ಈ ಸೆಟ್ಟಿನವರು ಬ್ಯಾಡ ಅಂದ್ರ ಆ ಸೆಟ್ಟಿನವರು ಕರಿತಾರ. ನಿನಗ ಕನೆಕ್ಷನ್ ಬರ್ತತಿ ಅಂತ ಯಾರಿಗೆ ಗೊತ್ತೈತಿ? ಅವರಿಬ್ಬರೂ ನಾಳಿ ಬ್ಯಾಡ ಅಂದ್ರ ನೀ ಎಲ್ಲಿಗೆ ಹೋಗ್ತಿ?"

"ತಿಂದಿದ್ದು ಅರಗಲಿ, ಸುಮ್ನ ಮಲಕೋ" ಎಂದು ಬೈದೆ. ಬೈದೆನೇ ಹೊರತು ಆ ಮಾತು ನನ್ನನ್ನು ಬಿಡಲಿಲ್ಲ. ದಿನಾ ನಾಲ್ಕು ಮೋಟಾರಿಗೆ ಕನೆಕ್ಷನ್ ಕೊಡುತ್ತಿದ್ದೆ. ಗಿರಾಕಿ ಬಂದರೆ ಬೆಂಚಿನಿಂದ ಎದ್ದು ಕಸಬರಿಗೆ ಹಿಡಿಯುತ್ತಿದ್ದೆ. ಗಿರಾಕಿಗಳು, "ಅಣ್ಣಾರ ಕೈ ಅಂದ್ರ ಕೈ ನೋಡ್ರಿ" ಅನ್ನುತ್ತಿದ್ದರು. ಗುರುಶಾಂತಪ್ಪನವರು ನೆಲ ನೋಡುತ್ತಿದ್ದರು, ನಾನು ಗುಡಿಸಿದ ಕಡೆಯೇ ಗುಡಿಸುತ್ತಿದ್ದೆ. ಕೆಲಸ ಗಟ್ಟಿಯಾಗಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆಗದಷ್ಟು ಅವಮಾನ ಆ ದಿನಗಳಲ್ಲಿ ಆಯಿತು. ಯಾರಿಗೆ ಹೇಳಲಿ? ಮಾತು ಕೊಟ್ಟವಳು ನಾನೇ.

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದು ಹೋದ ಮೇಲೆ ಒಂದು ಬೆಳಗ್ಗೆ ಬೊಮ್ಮಪ್ಪನ ಗೂಡ್ಸ್ ಆಟೋ ಬಂದು ನಿಂತಿತು. ನನಗೆ ಜೀವ ಹಾರಿತು, ಕೋಗಳಿಯ ಮೋಟಾರ್ ಮತ್ತೆ ಸುಟ್ಟಿತೇ? ಇಲ್ಲ, ಇದು ಅವರ ಎರಡನೆಯ ಬೋರಿನದು.

"ಅಣ್ಣಾರ, ಇದೇನ್ರಿ ಚಮತ್ಕಾರ!" ಬೊಮ್ಮಪ್ಪ ಒಳಗೆ ಬರುತ್ತಲೇ ಶುರು ಮಾಡಿದ. "ಮೂರು ತಿಂಗಳಿಗೊಮ್ಮೆ ಸುಡೋ ಮೋಟಾರ್ ಇಡೀ ಬ್ಯಾಸಿಗಿ ಜಗ್ಗೈತಿ. ಕರೆಂಟ್ ಏರಿದ್ರೂ ಜಗ್ಗೈತಿ, ಇಳಿದ್ರೂ ಜಗ್ಗೈತಿ. ಯಾರ್ ಮಾಡಿದ್ದು ಹೇಳ್ರಿ. ಇದನ್ನೂ ಅವರ ಕೈಲೇ ಮಾಡಸ್ಬೇಕು. ಪಂಚಾಯ್ತಿಯಾಗ ಇನ್ನೂ ಆರು ಬೋರ್ ಅದಾವ."

"ಇನ್ಯಾರ್ ಮಾಡ್ತಾರ? ನಾನಾ" ಅಂದರು ಗುರುಶಾಂತಪ್ಪನವರು.

"ನೀವೆಲ್ಲಿ ಮಾಡ್ತೀರಿ? ಅವತ್ತು ನೀವು ದಾವಣಗೇರ್ಯಾಗ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ರಲ್ರಿ!"

ಗುರುಶಾಂತಪ್ಪನವರು ಕೆಮ್ಮಿದರು. "ಗವಿ ಮಾಡಿರಬೇಕು" ಅಂದರು. ಬೊಮ್ಮಪ್ಪ ಗವಿಸಿದ್ದೇಶನ ಕಡೆ ತಿರುಗಿ, "ಹೌದಾ ತಮ್ಮಾ? ಈ ಸಲ ಏನು ಬ್ಯಾರೆ ಮಾಡಿದಿ ಹೇಳು ನೋಡೋಣ" ಅಂದ. ಹುಡುಗ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ. ಅವನ ಕಿವಿಗಳು ಕೆಂಪಗಾಗಿದ್ದವು. ಒಳ್ಳೆಯ ಹುಡುಗ ಅಂತ ಮೊದಲೇ ಹೇಳಿದೆನಲ್ಲ, ಸುಳ್ಳು ಅವನ ಬಾಯಿಗೆ ಬರಲಿಲ್ಲ.

ಕಸಬರಿಗೆ ನನ್ನ ಕೈಯಲ್ಲಿತ್ತು. ಸುಮ್ಮನಿದ್ದರೆ ಸಾಯುವ ತನಕ ಕೆಲಸ. ಬಾಯಿ ಬಿಟ್ಟರೆ ಇವತ್ತಿಗೇ ಮುಗಿಯಿತು. ರೋಜಾಳ ನೆನಪಾಯಿತು, ಗೇಟಿನ ಬೀಗ ನೆನಪಾಯಿತು, ಆಷಾಢ ಹತ್ತಿರ ಬಂದದ್ದೂ ನೆನಪಾಯಿತು. ಆದರೂ ಯಾಕೋ ಆ ಹೊತ್ತಿನಲ್ಲಿ ಇನ್ನೊಂದು ಸಲ ಕಸ ಗುಡಿಸಲು ನನ್ನಿಂದ ಆಗಲಿಲ್ಲ.

"ನಾನ್ರೀ ಮಾಡಿದ್ದು" ಅಂದೆ.

ಬೊಮ್ಮಪ್ಪ ಕಸಬರಿಗೆ ನೋಡಿದ, ನನ್ನ ಮುಖ ನೋಡಿದ. ಗುರುಶಾಂತಪ್ಪನವರು ಮೆಲ್ಲಗೆ, "ಮಾತು ಕೊಟ್ಟಿದ್ದಿ, ಗಾಳೆಮ್ಮ" ಅಂದರು.

"ಕೊಟ್ಟಿದ್ದೆ ಅಣ್ಣಾರ. ಉಳಿಸ್ಕೊಳ್ಳಾಕ ಆಗ್ಲಿಲ್ಲ. ತಪ್ಪಾತು. ಆದ್ರ ಮಾಡಿದ್ದು ನಾನಾ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಸಿಟ್ಟಿನದೋ ದುಃಖದ್ದೋ ನನಗೇ ತಿಳಿಯಲಿಲ್ಲ.

ಬೊಮ್ಮಪ್ಪನಿಗೆ ಇದಾವುದೂ ಬೇಕಿರಲಿಲ್ಲ. ಅವನು ಜೇಬಿನಿಂದ ಫೋನ್ ತೆಗೆದ. "ಹಂಗಾರ ನಿಮ್ಮ ನಂಬರ್ ಹೇಳ್ರಿ ಅಕ್ಕಾರ" ಅಂದ.

ಬಾಯಿ ತೆರೆದೆ, ನಂಬರ್ ಬರಲಿಲ್ಲ. ನನ್ನ ನಂಬರ್ ನನಗೇ ಗೊತ್ತಿರಲಿಲ್ಲ! ಗಂಡನದು ಗೊತ್ತು, ಮಗಳ ಹಾಸ್ಟೆಲ್ಲಿನದು ಗೊತ್ತು, ಅಂಗಡಿಯದಂತೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನನ್ನದನ್ನು ಇಷ್ಟು ವರ್ಷ ಯಾರೂ ಕೇಳಿರಲೇ ಇಲ್ಲ.

"ನಿಮ್ಮದು ಹೇಳ್ರಿ, ನಾನಾ ಹಚ್ತೀನಿ" ಅಂದೆ. ಅವನು ಒಂದೊಂದೇ ಅಂಕಿ ಹೇಳಿದ. ಮಸಿ ಹತ್ತಿದ ಬೆರಳಿನಿಂದ ಒತ್ತಿದೆ. ಅವನ ಫೋನ್ ಜೋರಾಗಿ ಬಾರಿಸಿತು.

"ಹೆಸರು ಏನಂತ ಹಾಕ್ಕೊಳ್ಳಿ?"

"ಗಾಳೆಮ್ಮ. ಮೋಟಾರ್ ವೈಂಡಿಂಗ್."

ಅವನು ಬರೆದುಕೊಂಡ. ಮೋಟಾರನ್ನು ಎಲ್ಲಿ ಇಳಿಸಲಿ ಎಂದು ನನ್ನನ್ನೇ ಕೇಳಿದ. ನನಗೆಲ್ಲಿಯ ಜಾಗ? ಮನೆಯಲ್ಲಿ ಹುಲುಗಪ್ಪನ ಡ್ರಮ್ ಇಟ್ಟು ಉಳಿದ ಜಾಗದಲ್ಲಿ ನಾವಿಬ್ಬರು ಮಲಗುತ್ತೇವೆ.

ಗುರುಶಾಂತಪ್ಪನವರು ಸ್ಟೂಲಿನಿಂದ ಎದ್ದರು. ಬಯ್ಯುತ್ತಾರೆ ಅಂದುಕೊಂಡೆ. ಅವರು ಹೋಗಿ ಕಿಟಕಿಯ ಪಕ್ಕದ ಬೆಂಚಿನ ಮೇಲಿದ್ದ ಸಾಮಾನನ್ನೆಲ್ಲ ಒಂದು ಕಡೆ ಸರಿಸಿದರು. "ಇಲ್ಲಿ ಇಳಸೋ ಬೊಮ್ಮಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಅಂಗಡಿಕಾರರ ದನಿಯಲ್ಲಿ, "ಪುಕ್ಕಟೆ ಅಲ್ಲ ಮತ್ತ. ಬೆಂಚಿಗೆ ಬಾಡಿಗಿ ಕೊಡಬೇಕಾಗ್ತತಿ" ಅಂದರು.

ಬಾಡಿಗೆ! ನನ್ನ ಹತ್ತಿರ! ಕೂಲಿ ಕೊಡುತ್ತಿದ್ದವರು ಬಾಡಿಗೆ ಕೇಳಿದರೆ ಇಷ್ಟು ಖುಷಿಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಕಸಬರಿಗೆಯನ್ನು ಮೂಲೆಗೆ ಇಟ್ಟೆ. ಸೆರಗು ಸಿಕ್ಕಿಸಿಕೊಂಡು ಅವರ ಎದುರಿನ ಸ್ಟೂಲ್ ಎಳೆದುಕೊಂಡು ಕೂತೆ.

"ಕೊಡ್ತೀನ್ರಿ. ಆದ್ರ ಜಾಸ್ತಿ ಹೇಳಬ್ಯಾಡ್ರಿ ಅಣ್ಣಾರ. ವಾರದಾಗ ನಾಕು ದಿನ ಅಷ್ಟ ಬರ್ತೀನಿ. ಉಳಿದ ದಿನ ಕೋಗಳಿ, ಮಾಗಳ ಅಂತ ತಿರುಗಬೇಕು ನಾನು."

"ನಾಕು ದಿನ ಬಾ, ಎರಡು ದಿನ ಬಾ, ಬೆಂಚ್ ಹಿಡಿದಿದ್ದು ಹಿಡಿದಂಗ ಅಲ್ಲೇನವ್ವ?"

"ಹಂಗಾರ ಕರೆಂಟ್ ನಿಮ್ದು."

ಬೊಮ್ಮಪ್ಪ ಮೋಟಾರ್ ಇಳಿಸಿ ಹೋದ. ನಾವಿಬ್ಬರೂ ಎದುರುಬದುರು ಕೂತು ಮಧ್ಯಾಹ್ನದ ಊಟದ ತನಕ ಚೌಕಾಶಿ ಮಾಡಿದೆವು.